ನಿಲ್ಲಿಸಬಹುದು

ಮಾರ್ಚ್ 4, ಮಂಗಳವಾರ. ಸಂಜೆ 6.40

ಇವತ್ತು ಮೂರೇ ಫೈಲು. ಒಟ್ಟು ನೂರಾ ಮೂರು. ಇನ್ನು ಹದಿನೇಳು.

ಮೂರರಲ್ಲೂ ಅದೇ ಹಾಡು. ಹರ್ನಿಯಾ ಆಪರೇಷನ್, ಗಾಯ ಸ್ವಚ್ಛ, ಜ್ವರ ಇಲ್ಲ. ಆದರೂ ಎರಡು ಬಗೆಯ ಆ್ಯಂಟಿಬಯೋಟಿಕ್, ಐದು ದಿನ. ಫಾರ್ಮಿನ ಆರನೇ ಕಾಲಂ — ಕೊಡಲು ಕಾರಣ. ಕೇಸ್ ಶೀಟಿನಲ್ಲಿ ಏನೂ ಇಲ್ಲ. ಡ್ಯೂಟಿ ಡಾಕ್ಟರನ್ನು ಕೇಳಿದೆ. "ಧೈರ್ಯಕ್ಕೆ ಮೇಡಂ" ಅಂದ. ಯಾರ ಧೈರ್ಯಕ್ಕೆ ಅಂತ ಕೇಳಲು ಬಾಯಿ ತುದಿಗೆ ಬಂತು, ನುಂಗಿಕೊಂಡೆ. 'ಕಾರಣ ದಾಖಲಾಗಿಲ್ಲ' ಅಂತ ಬರೆದು ಮುಂದಿನ ಫೈಲು.

ಮನೆಗೆ ಬಂದರೆ ಅತ್ತೆ ತಮ್ಮ ಡಬ್ಬಿಯಿಂದ ನಾಲ್ಕು ಆ್ಯಂಟಿಬಯೋಟಿಕ್ ಮಾತ್ರೆ ತೆಗೆದು ಪಕ್ಕದ ಮನೆಯಾಕೆಗೆ ಕೊಟ್ಟು ಕಳಿಸುತ್ತಿದ್ದಾರೆ. ಹೋದ ವರ್ಷ ಅವರ ಹಲ್ಲಿಗೆ ಬರೆದದ್ದು, ಉಳಿದದ್ದು. ಆಕೆಗೆ ಬರೀ ನೆಗಡಿ. ಓಡಿಹೋಗಿ ಮೆಟ್ಟಿಲ ಮೇಲೇ ವಾಪಸ್ ಇಸಕೊಂಡೆ. ಅತ್ತೆಯ ಮುಖ ಸಣ್ಣದಾಯಿತು. ಆಮೇಲೆ ಕೇಳಿದರು, ದಿನಾ ಆಸ್ಪತ್ರೆಯಲ್ಲಿ ಅದೇನು ಎಣಿಸುತ್ತೀಯ ಅಂತ. ಹೇಳಿದೆ. ಡಾಕ್ಟರರು ಸೋಂಕಿಗೆ, ಫಂಗಸ್‌ಗೆ ಔಷಧಿ ಬರೆಯುತ್ತಾರಲ್ಲ, ಅದು ಬೇಕಿತ್ತೇ, ಸರಿಯಾದದ್ದೇ, ಎಷ್ಟು ದಿನ, ಬರೆಯುವ ಮೊದಲು ರಕ್ತವನ್ನು ಕಲ್ಚರಿಗೆ ಕಳಿಸಿ ಯಾವ ಕ್ರಿಮಿ ಬೆಳೆಯುತ್ತದೆ ಅಂತ ನೋಡಿದರೇ — ಇಷ್ಟನ್ನು ನೂರಾ ಇಪ್ಪತ್ತು ಫೈಲುಗಳಲ್ಲಿ ನೋಡಿ ಬರೆಯುವುದು.

ಅತ್ತೆ ಡಬ್ಬಿಯ ಮುಚ್ಚಳ ಹಾಕುತ್ತಾ, "ಹಂಗಾದ್ರೆ ಅಲ್ಲಿ ನಿಂಗೆ ಯಾರೂ ಕಾಫಿ ಕೊಡಲ್ಲ ಅನ್ನು" ಅಂದರು.

ನಿಜ. ಹದಿನೇಳು ವರ್ಷ ಫಾರ್ಮಸಿ ಕೌಂಟರಿನಲ್ಲಿದ್ದಾಗ ಎಲ್ಲರಿಗೂ ಬೇಕಾದವಳು. ಆಡಿಟ್ ಅಂತ ಫೈಲು ಹಿಡಿದು ವಾರ್ಡಿಗೆ ಹೋದ ದಿನದಿಂದ ನರ್ಸುಗಳೂ ನನ್ನ ಕಂಡರೆ ಬೇರೆ ಕಡೆ ನೋಡುತ್ತಾರೆ.

ನಿನ್ನೆ ಸೂಪರಿಂಟೆಂಡೆಂಟರಿಗೆ ಮಧ್ಯಂತರ ಲೆಕ್ಕ ಕೊಟ್ಟಾಯಿತು. ನೂರು ಫೈಲುಗಳಲ್ಲಿ ಅರವತ್ತೆಂಟಕ್ಕೆ ಕಲ್ಚರ್ ಕಳಿಸಿಲ್ಲ. ಅವರಿಗೆ ಖುಷಿ. ಇಪ್ಪತ್ತನೇ ತಾರೀಕು ಕಮಿಟಿ. ಸರ್ಜರಿಯ ದೊಡ್ಡ ಡಾಕ್ಟರ್ ಎದುರಿಗೇ ಕೂತಿರುತ್ತಾರೆ.

ಮಾರ್ಚ್ 5, ಬುಧವಾರ. ಮಧ್ಯಾಹ್ನ 1.30, ಫಾರ್ಮಸಿ ಹಿಂದಿನ ರೂಮು

ಫೈಲು 104. ಐಸಿಯು, ಏಳನೇ ಬೆಡ್. ಐವತ್ತನಾಲ್ಕು ವರ್ಷದ ಹೆಂಗಸು. ಬಟ್ಟೆ ಹೊಲಿಯುವವರು. ನರ್ಸುಗಳು ಟೈಲರಮ್ಮ ಅನ್ನುತ್ತಾರೆ. ಕರುಳು ತೂತಾಗಿ ಬಂದವರು, ಆಪರೇಷನ್ ಆಗಿ ಒಂಬತ್ತು ದಿನ. ಕುತ್ತಿಗೆಯ ನಾಳದಲ್ಲಿ ಪೈಪು, ಊಟವೂ ಅದರಲ್ಲೇ. ಎರಡು ಭಾರೀ ಆ್ಯಂಟಿಬಯೋಟಿಕ್ ಓಡುತ್ತಿವೆ. ಸೋಮವಾರ ಮತ್ತೆ ಜ್ವರ. ನಿನ್ನೆ ಸಂಜೆ ಫಂಗಸ್ ಔಷಧಿಯನ್ನೂ ಸೇರಿಸಿದ್ದಾರೆ.

ಕಾರಣ ಬರೆದಿಲ್ಲ. ಕಲ್ಚರ್ ಕಳಿಸಿದ ಮಾತಿಲ್ಲ. ಲಿವರ್ ಟೆಸ್ಟು ಏರುತ್ತಿದೆ, ಈ ಔಷಧಿ ಅದನ್ನು ಇನ್ನಷ್ಟು ಏರಿಸಬಹುದು. ಸೇರಿಸಿದವಳು ಜೂನಿಯರ್ ಡಾಕ್ಟರ್. ಅವಳಿಗೆ ನಾನಿಟ್ಟ ಹೆಸರು ಪಿಸುಮಾತು, ಗಂಟಲೊಳಗೇ ಮಾತಾಡುತ್ತಾಳೆ. ಕಲ್ಚರ್ ಕಳಿಸಿದೀರಾ ಅಂತ ಕೇಳಿದೆ. ಏನೋ ಅಂದಳು. ಪಕ್ಕದ ಬೆಡ್ಡಿನ ಮಾನಿಟರ್ ಕಿರುಚುತ್ತಿತ್ತು, ಕೇಳಿಸಲಿಲ್ಲ. ತಲೆಯಾಡಿಸಿದೆ. ಅವಳೂ ತಲೆಯಾಡಿಸಿ ಓಡಿದಳು.

ಫೈಲಿಗೆ ನನ್ನ ಹಳದಿ ಚೀಟಿ ಅಂಟಿಸಿದೆ: 'ಕಲ್ಚರ್ — ಇಲ್ಲ. ಫಂಗಸ್ ಸೋಂಕಿಗೆ ಆಧಾರ ದಾಖಲಾಗಿಲ್ಲ. ಲಿವರ್ ಗಮನಿಸಿ. ಔಷಧಿ ನಿಲ್ಲಿಸಬಹುದು.'

ಮಾರ್ಚ್ 6, ಗುರುವಾರ. ಮಧ್ಯಾಹ್ನ 2

ನಿಲ್ಲಿಸಿದರು.

ಬೆಳಿಗ್ಗೆ ರೌಂಡ್ಸಿನಲ್ಲಿ ದೊಡ್ಡ ಡಾಕ್ಟರ್ ನನ್ನ ಚೀಟಿಯನ್ನು ಎಲ್ಲರೆದುರು ಗಟ್ಟಿಯಾಗಿ ಓದಿದರು. ಆಮೇಲೆ ಪಿಸುಮಾತಿನ ಕಡೆ ತಿರುಗಿ, ಜ್ವರ ಬಂದರೆ ಸಾಕು, ಕಪಾಟಿನಲ್ಲಿರುವುದೆಲ್ಲ ಸುರಿಯುತ್ತೀರಾ ಅಂತ ಕೇಳಿದರು. ತಮ್ಮ ವಾರ್ಡಿನಲ್ಲಿ ಹರ್ನಿಯಾಕ್ಕೂ ಧೈರ್ಯಕ್ಕೆ ಅಂತ ಐದು ದಿನ ಬರೆಸುವ ಮನುಷ್ಯ. ಅವಳು ತುಟಿ ಅಲ್ಲಾಡಿಸಿದಳು, ಮಾತು ಹೊರಗೆ ಬರಲಿಲ್ಲ. ಅವರು ಔಷಧಿಯ ಮೇಲೆ ಗೆರೆ ಎಳೆದು ಸಹಿ ಹಾಕಿದರು. ನನಗೆ "ಗುಡ್" ಅಂದರು.

ಸುಳ್ಳು ಯಾಕೆ ಬರೆಯಲಿ, ಎದೆ ಉಬ್ಬಿತು. ನಾಲ್ಕು ತಿಂಗಳಲ್ಲಿ ಮೊದಲ ಸಲ ನನ್ನ ಚೀಟಿ ಕಸದ ಬುಟ್ಟಿಗೆ ಹೋಗಲಿಲ್ಲ.

ಐಸಿಯು ಬಾಗಿಲಲ್ಲಿ ಟೈಲರಮ್ಮನ ಮಗಳು ತಡೆದಳು. ಬಸ್ ಓಡಿಸುತ್ತಾಳಂತೆ, ನೀಲಿ ಸಮವಸ್ತ್ರದಲ್ಲೇ ಬಂದಿದ್ದಳು. ಅಮ್ಮನಿಗೆ ಯಾವುದೋ ಔಷಧಿ ನಿಲ್ಲಿಸಿದರಂತೆ, ಅಂದರೆ ಹುಷಾರಾಗುತ್ತಿದ್ದಾರಾ ಅಂತ ಕೇಳಿದಳು. ಡಾಕ್ಟರನ್ನು ಕೇಳಿ ಅಂದೆ. ಆದರೆ ನಗುತ್ತಾ ಅಂದೆ. ಅವಳು ನಕ್ಕಳು.

ಮಾರ್ಚ್ 8, ಶನಿವಾರ. ಬೆಳಿಗ್ಗೆ 10.15

ಲ್ಯಾಬ್ ಮೇಡಂ ಐಸಿಯುಗೆ ಫೋನ್ ಮಾಡಿದಾಗ ಅಲ್ಲೇ ಇದ್ದೆ. ನರ್ಸು ಬರೆದುಕೊಳ್ಳುತ್ತಿದ್ದದ್ದು ಕಂಡಿತು. ಏಳನೇ ಬೆಡ್. ರಕ್ತದ ಕಲ್ಚರಿನಲ್ಲಿ ಫಂಗಸ್ ಬೆಳೆದಿದೆ.

ಯಾವ ಕಲ್ಚರು? ಕಳಿಸಿಯೇ ಇಲ್ಲವಲ್ಲ.

ಕೆಳಗೆ ಲ್ಯಾಬಿಗೆ ಹೋಗುತ್ತಿದ್ದೇನೆ.

ಅದೇ ದಿನ, 11.50

ರಿಜಿಸ್ಟರ್ ನೋಡಿದೆ. ನೀಲಿ ಶಾಯಿ. ನಾಲ್ಕನೇ ತಾರೀಕು, ಬೆಳಿಗ್ಗೆ 7.20, ಐಸಿಯು ಏಳು, ರಕ್ತ ಎರಡು ಬಾಟಲಿ. ಕಳಿಸಿದವರ ಸಹಿ — ಪಿಸುಮಾತಿನದು.

ಕಳಿಸಿದ್ದಳು. ಕಳಿಸಿದ ಮೇಲೆಯೇ ಔಷಧಿ ಶುರು ಮಾಡಿದ್ದಳು. ಪುಸ್ತಕದಲ್ಲಿರುವಂತೆ, ಒಂದು ಹೆಜ್ಜೆ ಆಚೀಚೆ ಇಲ್ಲದೆ. ಕೇಸ್ ಶೀಟಿನಲ್ಲಿ ಬರೆಯುವುದನ್ನು ಮಾತ್ರ ಮರೆತಿದ್ದಳು. ನಾನು ಕೇಸ್ ಶೀಟು ಮಾತ್ರ ನೋಡಿದ್ದೆ.

ಟೈಲರಮ್ಮನಿಗೆ 103 ಜ್ವರ, ಬಿಪಿ ಇಳಿದಿದೆ. ಕುತ್ತಿಗೆಯ ಪೈಪು ತೆಗೆದರು. ಫಂಗಸ್‌ಗೆ ಬೇರೆ ಇಂಜೆಕ್ಷನ್ ಶುರು, ಹೆಚ್ಚು ಬಲದ್ದು. ಎರಡು ದಿನ ಯಾವುದೂ ಇಲ್ಲದೆ ಇದ್ದರು. ಗುರುವಾರ, ಶುಕ್ರವಾರ. ನನ್ನ ಎರಡು ದಿನ.

ಪಿಸುಮಾತು ಎದುರಿಗೆ ಸಿಕ್ಕಳು. ಅವಳೇ ಅಂದಳು. ಈ ಸಲ ಚೆನ್ನಾಗಿ ಕೇಳಿಸಿತು.

"ಅವತ್ತೇ ಹೇಳಿದ್ನಲ್ಲ ಮೇಡಂ, ನಿನ್ನೆ ಬೆಳಿಗ್ಗೆನೇ ಕಳಿಸಿದೀನಿ ಅಂತ. ನೀವು ತಲೆ ಆಡಿಸಿದ್ರಿ."

ಮಾರ್ಚ್ 9, ಭಾನುವಾರ. ಬೆಳಿಗ್ಗೆ 11

ತಿಂಡಿ ಸೇರಲಿಲ್ಲ. ಅತ್ತೆ ಹಣೆ ಮುಟ್ಟಿ ನೋಡಿ ಡಬ್ಬಿಯ ಕಡೆ ಹೋದರು. ಬೇಡ ಅಂತ ಕೂಗಿದೆ. ಕೂಗಬಾರದಿತ್ತು.

ಒಂದು ವಿಷಯ ನಿನ್ನೆಯಿಂದ ತಲೆ ಕೊರೆಯುತ್ತಿದೆ. ಬರೆದೇ ಬಿಡುತ್ತೇನೆ.

ಮೊದಲ ನಲವತ್ತು ಫೈಲುಗಳಿಗೆ ಪ್ರತಿಯೊಂದಕ್ಕೂ ಲ್ಯಾಬಿಗೆ ಇಳಿದು ರಿಜಿಸ್ಟರ್ ಜೊತೆ ತಾಳೆ ನೋಡಿದ್ದೆ. ಆಮೇಲೆ ಬಿಟ್ಟೆ. ಲ್ಯಾಬ್ ಇರುವುದು ನೆಲಮಾಳಿಗೆಯಲ್ಲಿ, ಎರಡು ಕಟ್ಟಡ ದಾಟಿ. ಮಂಡಿ ನೋವು. ಸೂಪರಿಂಟೆಂಡೆಂಟರ ಫೋನು, ಎಲ್ಲಿಗೆ ಬಂತು, ಎಲ್ಲಿಗೆ ಬಂತು. ಕಳಿಸಿದ್ದರೆ ಶೀಟಿನಲ್ಲಿ ಬರೆದೇ ಇರುತ್ತಾರೆ ಅಂದುಕೊಂಡೆ. ನಲವತ್ತೊಂದರಿಂದ ಮುಂದಕ್ಕೆ ಶೀಟಿನಲ್ಲಿ ಇಲ್ಲವೆಂದರೆ 'ಇಲ್ಲ' ಅಂತ ಟಿಕ್.

ಈಗ ಲೆಕ್ಕ ತೆಗೆದು ನೋಡಿದರೆ... ಮೊದಲ ನಲವತ್ತರಲ್ಲಿ ಕಲ್ಚರ್ ಕಳಿಸದವು ಇಪ್ಪತ್ತು. ಸರಿಯಾಗಿ ಅರ್ಧ. ಮುಂದಿನ ಅರವತ್ತರಲ್ಲಿ ನಲವತ್ತೆಂಟು. ಮುಕ್ಕಾಲನ್ನೂ ಮೀರಿದೆ. ಡಾಕ್ಟರರೆಲ್ಲ ಒಂದೇ ವಾರದಲ್ಲಿ ಕೆಟ್ಟುಹೋದರೇ? ಕಣ್ಣೆದುರಿಗೇ ಇತ್ತು. ನೋಡಲಿಲ್ಲ. ಅಂಕಿ ದೊಡ್ಡದಾದಷ್ಟೂ ಒಳಗೊಳಗೆ ಖುಷಿಯೇ ಆಗುತ್ತಿತ್ತಲ್ಲ ನನಗೆ.

ಅಂದರೆ ಎಡವಿದ್ದು ಏಳನೇ ಬೆಡ್ಡಿನಲ್ಲಿ ಮಾತ್ರವಲ್ಲ. ಇಡೀ ರಿಪೋರ್ಟೇ.

ಮಾರ್ಚ್ 10, ಸೋಮವಾರ. ಸಂಜೆ 5.15

ಸೂಪರಿಂಟೆಂಡೆಂಟರ ಹತ್ತಿರ ಹೋಗಿ ಹೇಳಿದೆ. ಅಂಕಿ ತಪ್ಪಿರಬಹುದು, ಮತ್ತೆ ಎಣಿಸಬೇಕು ಅಂದೆ. ಅವರು ಬಾಗಿಲು ಮುಚ್ಚಿಸಿದರು. ಅರವತ್ತೆಂಟು ಆಗಲೇ ಮೇಲಿನವರಿಗೆ ಹೋಗಿದೆಯಂತೆ. ಅದನ್ನು ನೋಡಿಯೇ ಲ್ಯಾಬಿಗೆ ಹೊಸ ಯಂತ್ರ ಮಂಜೂರು ಮಾಡಲು ಒಪ್ಪಿದ್ದಾರಂತೆ. ಈಗ ಐವತ್ತು ಅಂದರೆ ನಗುತ್ತಾರೆ, ಸರ್ಜರಿಯವರಂತೂ ಹಬ್ಬ ಮಾಡುತ್ತಾರೆ ಅಂದರು. ಕೊನೆಗೆ ಮೆಲ್ಲಗೆ, ಶೀಟಿನಲ್ಲಿ ಬರೆಯದಿದ್ದರೆ ಕಳಿಸದ ಹಾಗೇ ಅಲ್ಲವೇ, 'ಕಳಿಸಿಲ್ಲ' ಅನ್ನುವ ಕಾಲಂ ಹೆಸರನ್ನು 'ದಾಖಲಾಗಿಲ್ಲ' ಅಂತ ಬದಲಿಸಿಬಿಡಿ ಅಂದರು.

ಜಾಣ ಉಪಾಯ. ಕಾಲಂನ ತಲೆ ಬದಲಿಸಿದರೆ ಸುಳ್ಳೇನೂ ಅಲ್ಲ. ನಿಜವೂ ಅಲ್ಲ.

ನೋಡೋಣ ಸರ್ ಅಂದು ಹೊರಗೆ ಬಂದೆ.

ಟೈಲರಮ್ಮನಿಗೆ ಇವತ್ತು 101.

ಮಾರ್ಚ್ 11, ಮಂಗಳವಾರ. ಮಧ್ಯಾಹ್ನ 1

ಮತ್ತೆ ಶುರು. ಫೈಲು 41ರಿಂದ. ಲ್ಯಾಬ್ ಮೇಡಂ ತಮ್ಮ ಟೇಬಲ್ಲಿನ ಅರ್ಧ ಬಿಟ್ಟುಕೊಟ್ಟರು. ಯಾಕೆ ಅಂತ ಕೇಳಲಿಲ್ಲ. ರಿಜಿಸ್ಟರ್ ಮುಂದಕ್ಕೆ ತಳ್ಳಿ, ಬೆರಳು ನೆಕ್ಕಿ ಹಾಳೆ ತಿರುವಬೇಡಿ, ಇದು ಲ್ಯಾಬು ಅಂದರು, ಅಷ್ಟೇ. ಯಾವತ್ತಿನಿಂದಲೋ ಇರುವ ಚಾಳಿ ನನಗೆ. ನಾಲಿಗೆ ಕಚ್ಚಿಕೊಂಡೆ.

ಹನ್ನೊಂದು ಫೈಲಿನಲ್ಲಿ ನಾಲ್ಕು ತಪ್ಪು.

ರಿಪೋರ್ಟುಗಳು ಎಲ್ಲಿಗೆ ಹೋಗುತ್ತವೆ ಅಂತಲೂ ತಿಳಿಯಿತು. ನರ್ಸಿಂಗ್ ಸ್ಟೇಷನ್ನಿನಲ್ಲಿ ತಂತಿ ಬುಟ್ಟಿ ಇದೆ. ಅದರಲ್ಲಿ ಬೀಳುತ್ತವೆ. ಬಿಡುವಾದಾಗ ಯಾರಾದರೂ ಫೈಲಿಗೆ ಸೇರಿಸಬೇಕು. ಬಿಡುವು ಯಾರಿಗೂ ಆಗುವುದಿಲ್ಲ. ಬುಟ್ಟಿಯ ತಳದಲ್ಲಿ ಜನವರಿಯದೂ ಸಿಕ್ಕಿತು.

ಮಾರ್ಚ್ 13, ಗುರುವಾರ. ಬೆಳಿಗ್ಗೆ 9.30

ಬಸ್ಸಿನಲ್ಲಿ ಬರುವಾಗ ಥಟ್ಟನೆ ಹೊಳೆಯಿತು. ಕಣ್ಣು.

ರಕ್ತದಲ್ಲಿ ಫಂಗಸ್ ಬಂದವರಿಗೆಲ್ಲ ಕಣ್ಣು ಪರೀಕ್ಷೆ ಆಗಬೇಕು, ಅದು ಕಣ್ಣಿನ ಒಳಗೆ ಹೋಗಿ ಕೂರಬಹುದು. ನನ್ನ ಆಡಿಟ್ ಫಾರ್ಮಿನಲ್ಲೇ ಹದಿನಾಲ್ಕನೇ ಕಾಲಂ. ಏಳನೇ ಬೆಡ್ಡಿಗೆ ಆಗಿಲ್ಲ. ಐದು ದಿನವಾಯಿತು, ಯಾರೂ ಕರೆದಿಲ್ಲ, ನಾನೂ ನೋಡಲಿಲ್ಲ. ಅಂಕಿಯ ಚಿಂತೆಯಲ್ಲಿ ಮುಳುಗಿದ್ದೆ. ಈಗ ಕೊಡುತ್ತಿರುವ ಇಂಜೆಕ್ಷನ್ ರಕ್ತದಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಕಣ್ಣಿನೊಳಕ್ಕೆ ಸರಿಯಾಗಿ ಇಳಿಯುವುದಿಲ್ಲ.

ಕಣ್ಣಿನ ವಿಭಾಗದ ಮುಂದೆ ಕೂತಿದ್ದೇನೆ. ಕಣ್ಣಿನ ಡಾಕ್ಟರ್ ಐಸಿಯುಗೆ ಬರುವುದು ನಾಳೆಯಂತೆ, ವಾರಕ್ಕೆ ಎರಡೇ ದಿನ. ಹೊರಗೆ ನಲವತ್ತು ಜನ ಕಾಯುತ್ತಿದ್ದಾರೆ. ಅವರಲ್ಲಿ ನಾನೊಬ್ಬಳು.

ಅದೇ ದಿನ, ಸಂಜೆ 4

ಬಂದರು. ಕಣ್ಣಿನ ಡಾಕ್ಟರ್, ಊಟದ ಹೊತ್ತಿನಲ್ಲಿ, ತಮ್ಮ ಡಬ್ಬಿ ತೆರೆಯದೆ.

ಟೈಲರಮ್ಮನಿಗೆ ಎಚ್ಚರವಿತ್ತು. ಕಣ್ಣಿಗೆ ತೊಟ್ಟು ಹಾಕಿ ಲೈಟು ಬಿಟ್ಟರು. ಬಲಗಣ್ಣು ಸರಿಯಿದೆ. ಎಡಗಣ್ಣಿನಲ್ಲಿ ತುಂಬ ಹೊತ್ತು ನೋಡಿದರು. ಕಣ್ಣಿನ ಹಿಂದಿನ ಪರದೆಯ ಮೇಲೆ ಎರಡು ಬಿಳಿ ಚುಕ್ಕೆ, ಹತ್ತಿಯ ಚೂರಿನಂಥವು. ಒಂದು ನೋಟದ ನಡುವಿಗೆ ತೀರಾ ಹತ್ತಿರ.

ಟೈಲರಮ್ಮ ಕೇಳಿದರು, ಮೂರು ದಿನದಿಂದ ಆ ಕಣ್ಣಿನಲ್ಲಿ ಮಂಜು ಮಂಜು, ಜ್ವರಕ್ಕೆ ಇರಬೇಕು ಅಂದುಕೊಂಡಿದ್ದೆ, ಅಲ್ಲವೇ ಅಂತ. ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ.

ಕಣ್ಣಿನೊಳಕ್ಕೆ ಇಳಿಯುವ ಔಷಧಿಗೆ ಬದಲಿಸಿದರು. ಯಾವುದು ಅಂತ ಬರೆಯಲು ಕೈ ಬರುತ್ತಿಲ್ಲ. ಪಿಸುಮಾತು ನಾಲ್ಕನೇ ತಾರೀಕು ಶುರು ಮಾಡಿದ್ದೇ. ನಾನು ನಿಲ್ಲಿಸಿದ್ದೇ. ಲಿವರ್ ದಿನ ಬಿಟ್ಟು ದಿನ ನೋಡುತ್ತಾರಂತೆ. ಅಷ್ಟೇ ಸಾಕಿತ್ತು, ಅವತ್ತೂ.

ಇವತ್ತು ನೋಡಿದ್ದು ಒಳ್ಳೆಯದಾಯಿತು ಅಂದರು ಕಣ್ಣಿನ ಡಾಕ್ಟರ್. ಇನ್ನೊಂದು ವಾರ ಹೋಗಿದ್ದರೆ ಕಣ್ಣೇ ಹೋಗುತ್ತಿತ್ತಂತೆ. ನನಗೆ ಸಮಾಧಾನವಾಗಲಿಲ್ಲ. ಸೂಜಿಗೆ ದಾರ ಪೋಣಿಸಿ ಬದುಕುವ ಹೆಂಗಸು.

ಮಾರ್ಚ್ 17, ಸೋಮವಾರ. ಬೆಳಿಗ್ಗೆ 6.20

ಮೂರು ದಿನ ಬರೆಯಲಿಲ್ಲ. ಬರೆದರೆ ಓದಬೇಕಾಗುತ್ತದಲ್ಲ.

ನಿನ್ನೆ ಇವರಿಗೆ ಎಲ್ಲಾ ಹೇಳಿದೆ. ಬಟ್ಟೆ ಒಣಹಾಕುತ್ತಾ, ಮುಖ ನೋಡದೆ. ಒದ್ದೆ ಟವೆಲನ್ನು ಹೆಗಲ ಮೇಲೆ ಹಾಕಿಕೊಂಡು ಕೇಳಿದರು. ಇವರು ಲಿಫ್ಟ್ ಮೆಕ್ಯಾನಿಕ್, ಮಾತು ಕಡಿಮೆ. ಅಷ್ಟೆಲ್ಲಾ ಕೇಳಿ, ಯಾರಿಗೆ ಗೊತ್ತು ಇದು ಅಂದರು. ಅಂಕಿಯದು ಸೂಪರಿಂಟೆಂಡೆಂಟರಿಗೆ ಗೊತ್ತು, ಚೀಟಿಯದು ಪಿಸುಮಾತಿಗೆ ಗೊತ್ತು, ಲ್ಯಾಬ್ ಮೇಡಂ ಊಹಿಸಿರಬಹುದು ಅಂದೆ. ಹಾಗಾದರೆ ಬಾಯಿ ಮುಚ್ಚಿಕೊಂಡಿದ್ದರೂ ನಡೆಯುತ್ತದೆ ಅಂದರು. ನಡೆಯುತ್ತದೆ ಅಂದೆ.

ಕ್ಲಿಪ್ಪು ಸಿಕ್ಕಿಸುತ್ತಾ ಅಂದರು, "ನಮ್ಮಲ್ಲಿ ಹಗ್ಗ ಸವೆದಿದ್ರೆ ಲಾಗ್‌ಬುಕ್‌ನಲ್ಲಿ ಬರೀಲೇಬೇಕು. ನಾನು ಸವೆಸಿದ್ರೂ ಸರಿ. ಇಲ್ದಿದ್ರೆ ಮುಂದಿನ ಪಾಳಿಯವನು ಅದನ್ನೇ ನಂಬಿ ಹತ್ತು ಜನನ್ನ ಹತ್ತಿಸ್ತಾನೆ."

ಅಷ್ಟು ಹೇಳಿ ಒಳಗೆ ಹೋದರು. ಟವೆಲು ಇನ್ನೂ ಹೆಗಲ ಮೇಲೇ ಇತ್ತು.

ಮರುಎಣಿಕೆ ಶನಿವಾರ ಮುಗಿಯಿತು. ನೂರಾ ಇಪ್ಪತ್ತರಲ್ಲಿ ಕಲ್ಚರ್ ಕಳಿಸದವು ಮೊದಲ ಲೆಕ್ಕಕ್ಕೆ ಎಂಬತ್ತೊಂದು. ಈಗ ಐವತ್ತೇಳು. ಇಪ್ಪತ್ತನಾಲ್ಕು ಕಡೆ ಡಾಕ್ಟರರು ಸರಿ, ನಾನು ತಪ್ಪು.

ಮಾರ್ಚ್ 20, ಗುರುವಾರ. ಬೆಳಿಗ್ಗೆ 8.45

ಕಮಿಟಿ ಹನ್ನೊಂದಕ್ಕೆ. ಎರಡು ಪ್ರತಿ ಪ್ರಿಂಟ್ ತೆಗೆದಿದ್ದೇನೆ. ಒಂದರಲ್ಲಿ ಕಾಲಂ ಹೆಸರು 'ದಾಖಲಾಗಿಲ್ಲ', ಎಂಬತ್ತೊಂದು. ಇನ್ನೊಂದರಲ್ಲಿ 'ಕಳಿಸಿಲ್ಲ', ಐವತ್ತೇಳು, ಕೊನೆಯ ಪುಟದಲ್ಲಿ ಫೈಲು 104. ಎರಡೂ ಬ್ಯಾಗಿನಲ್ಲಿವೆ. ಯಾಕೆ ಎರಡು ತೆಗೆದೆ ಅಂತ ನನ್ನನ್ನು ನಾನೇ ಕೇಳಬಾರದು.

ಮೂರು ಸಲ ಬಾತ್‌ರೂಮಿಗೆ ಹೋಗಿಬಂದೆ.

ಅದೇ ದಿನ, ಮಧ್ಯಾಹ್ನ 2.30

ಐವತ್ತೇಳನ್ನೇ ಓದಿದೆ.

ಧ್ವನಿ ಪಿಸುಮಾತಿನದಷ್ಟೇ ಸಣ್ಣಗಾಯಿತು. ದೊಡ್ಡ ಡಾಕ್ಟರ್ ಕೇಳಿಸುತ್ತಿಲ್ಲ ಅಂದರು, ಮತ್ತೆ ಮೊದಲಿಂದ ಓದಬೇಕಾಯಿತು. ಮೊದಲು ಕೊಟ್ಟ ಅಂಕಿ ತಪ್ಪು, ನಲವತ್ತರ ನಂತರ ನಾನು ರಿಜಿಸ್ಟರ್ ನೋಡಲಿಲ್ಲ, ಅಂತ ಗಟ್ಟಿಯಾಗಿ. ಸೂಪರಿಂಟೆಂಡೆಂಟರು ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದರು.

ದೊಡ್ಡ ಡಾಕ್ಟರ್ ಕುರ್ಚಿಗೆ ಒರಗಿದರು. ನಾಲ್ಕು ತಿಂಗಳು ನಮ್ಮ ತಲೆ ತಿಂದು ಕೊನೆಗೆ ಲೆಕ್ಕವೇ ಬರುವುದಿಲ್ಲ ಅಂದರೆ ಈ ರಿಪೋರ್ಟು ರದ್ದಿಗೆ ಹಾಕಬೇಕು ಅಂದರು. ಒಂದಿಬ್ಬರು ನಕ್ಕರು.

ಆಗ ಲ್ಯಾಬ್ ಮೇಡಂ ಬಾಯಿ ತೆರೆದರು. ಯಾವ ಮೀಟಿಂಗಿನಲ್ಲೂ ಮಾತಾಡಿದ್ದು ನೋಡಿರಲಿಲ್ಲ. "ಎಂಬತ್ತೊಂದು ಅವರ ಲೆಕ್ಕ ಸರ್, ಐವತ್ತೇಳು ನನ್ನ ರಿಜಿಸ್ಟರ್ ಲೆಕ್ಕ. ಐವತ್ತೇಳು ಜನಕ್ಕೆ ಏನಾಗಿದೆ ಅಂತ ನೋಡದೇನೇ ಔಷಧಿ ಕೊಟ್ಟಿದೀವಿ. ಅದರಲ್ಲಿ ಮೂವತ್ತೊಂದು ನಿಮ್ಮ ವಾರ್ಡು."

ನಗು ನಿಂತಿತು.

ಕೊನೆಯ ಪುಟ ಉಳಿದಿತ್ತು. ಬಿಟ್ಟುಬಿಡಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. ಓದಿದೆ. ಜೂನಿಯರ್ ಡಾಕ್ಟರ್ ಸರಿಯಾಗಿಯೇ ಮಾಡಿದ್ದರು, ನನ್ನ ಚೀಟಿಯಿಂದ ಔಷಧಿ ನಿಂತಿತು, ಎರಡು ದಿನ. ಎಡಗಣ್ಣು. ಪಿಸುಮಾತು ಗೋಡೆ ಪಕ್ಕದ ಕುರ್ಚಿಯಲ್ಲಿದ್ದಳು. ತಲೆ ಎತ್ತಲಿಲ್ಲ. ದೊಡ್ಡ ಡಾಕ್ಟರ್ ಎದುರಿನ ಹಾಳೆಯನ್ನು ಎರಡು ಮಡಿಕೆ ಮಾಡಿದರು, ಬಿಡಿಸಿದರು.

ರಿಪೋರ್ಟು ಒಪ್ಪಿದರು. ಔಷಧಿ ಬರೆಯುವಾಗ ಕಾರಣ ಬರೆಯಲೇಬೇಕು. ತಂತಿ ಬುಟ್ಟಿ ತೆಗೆಸುತ್ತಾರೆ, ಲ್ಯಾಬಿನಿಂದ ನೇರ ಫೈಲಿಗೆ. ಆಡಿಟಿನವರು ನಿಲ್ಲಿಸಿ ಅಂತ ಬರೆಯುವ ಮೊದಲು ಲ್ಯಾಬಿಗೆ ಫೋನ್ ಮಾಡಬೇಕು. ಆ ಕೊನೆಯದು ನನಗಾಗಿ. ಸರಿಯಾಗೇ ಇದೆ.

ಹೊರಗೆ ಬಂದ ಮೇಲೆ ಸೂಪರಿಂಟೆಂಡೆಂಟರು ಪಕ್ಕಕ್ಕೆ ಕರೆದರು. 104ರ ವಿಷಯ ನಡಾವಳಿಯಲ್ಲಿ ಬರುವುದಿಲ್ಲ, ರೋಗಿಯ ಕಡೆಯವರಿಗೂ ಹೇಳಬೇಕಾಗಿಲ್ಲ, ಅರ್ಥವಾಯಿತಲ್ಲ ಅಂದರು. ಯಂತ್ರದ ಸುದ್ದಿ ಎತ್ತಲಿಲ್ಲ.

ಮಾರ್ಚ್ 21, ಶುಕ್ರವಾರ. ಮಧ್ಯಾಹ್ನ 1.10

ಪಿಸುಮಾತು ನನ್ನ ರೂಮಿಗೆ ಬಂದಳು. ಕ್ಷಮೆ ಕೇಳಿದೆ. ಪರವಾಗಿಲ್ಲ ಅನ್ನಲಿಲ್ಲ ಅವಳು. ಅದೇ ಒಳ್ಳೆಯದು. ರೌಂಡ್ಸಿನಲ್ಲಿ ಬೈಸಿಕೊಂಡ ಮೇಲೆ ಎರಡು ವಾರ ಯಾವ ರೋಗಿಗೂ ಸ್ವಂತ ತೀರ್ಮಾನ ತೆಗೆದುಕೊಳ್ಳಲು ಹೆದರಿಕೆಯಾಯಿತು, ಜ್ವರ ಬಂದರೂ ಸೀನಿಯರ್ ಬರಲಿ ಅಂತ ಕಾಯುತ್ತಿದ್ದೆ ಅಂದಳು. ಅದನ್ನು ಯಾವ ಕಾಲಂನಲ್ಲಿ ಬರೆಯುವುದು?

ಹೋಗುವಾಗ ಬಾಗಿಲಲ್ಲಿ ನಿಂತು, ಇನ್ನು ಮುಂದೆ ಜೋರಾಗಿ ಮಾತಾಡುತ್ತೇನೆ ಅಂದಳು. ಅದನ್ನೂ ಮೆಲ್ಲಗೇ ಅಂದಳು. ಇಬ್ಬರಿಗೂ ನಗು ಬಂತು, ಸ್ವಲ್ಪ.

ಮಾರ್ಚ್ 28, ಶುಕ್ರವಾರ. ಸಂಜೆ 5.30

ಟೈಲರಮ್ಮ ಸೋಮವಾರವೇ ವಾರ್ಡಿಗೆ ಬಂದಿದ್ದಾರೆ. ಜ್ವರ ಬಿಟ್ಟು ಹತ್ತು ದಿನ. ಕಣ್ಣಿಗೆ ಎರಡು ಇಂಜೆಕ್ಷನ್ ಆಯಿತು. ಚುಕ್ಕೆ ಸಣ್ಣದಾಗಿದೆ. ಎಡಗಣ್ಣಿನಲ್ಲಿ ಮುಖ ಕಾಣುತ್ತದೆ, ಮೂಗು ಬಾಯಿ ಕಾಣುವುದಿಲ್ಲ. ಇನ್ನೂ ಸ್ವಲ್ಪ ತಿಳಿಯಾಗಬಹುದು, ಮೊದಲಿನಂತೆ ಆಗುತ್ತದೆ ಅಂತ ಮಾತು ಕೊಡಲಾರೆ ಅಂದಿದ್ದಾರೆ ಕಣ್ಣಿನ ಡಾಕ್ಟರ್.

ಎಂಟು ದಿನದಿಂದ ಆ ವಾರ್ಡಿನ ಮುಂದೆ ಹಾದುಹೋಗದೆ ಸುತ್ತುಬಳಸಿ ಓಡಾಡುತ್ತಿದ್ದೇನೆ. ಇವತ್ತು ಸಾಕಾಯಿತು. ದೊಡ್ಡ ಡಾಕ್ಟರ್ ರೂಮಿಗೆ ಹೋದೆ. ನಾಳೆ ಟೈಲರಮ್ಮನಿಗೆ ಹೇಳುತ್ತೇನೆ ಸರ್, ನಿಮಗೆ ತಿಳಿದಿರಲಿ ಅಂತ ಬಂದೆ ಅಂದೆ. ಬೈಗುಳಕ್ಕೆ ತಯಾರಾಗಿಯೇ ಹೋಗಿದ್ದೆ. ಕೆಲಸ ಹೋದರೂ ಹೋಗಲಿ ಅಂತ... ಅಂದುಕೊಂಡಷ್ಟು ಸುಲಭವಲ್ಲ.

ಅವರು ಕನ್ನಡಕ ತೆಗೆದು ತುಂಬ ಹೊತ್ತು ಒರೆಸಿದರು.

"ಸಹಿ ನಂದಲ್ವೇನಮ್ಮ" ಅಂದರು. "ಎರಡೂವರೆಗೆ ಬರ್ತೀನಿ. ಇಬ್ರೂ ಹೋಗೋಣ."

ಮಾರ್ಚ್ 29, ಶನಿವಾರ. ಮಧ್ಯಾಹ್ನ 3.40, ವಾರ್ಡಿನ ಹೊರಗಿನ ಬೆಂಚು

ಹೇಳಿದೆವು.

ಎರಡೂವರೆಗೆ ಸರಿಯಾಗಿ ಬಂದರು. ಸ್ಟೂಲು ಎಳೆದು ಕೂತರು. ಅವರು ರೋಗಿಯ ಪಕ್ಕ ಕೂತದ್ದು ಯಾರೂ ನೋಡಿರಲಿಕ್ಕಿಲ್ಲ, ನರ್ಸು ಟ್ರೇ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟಳು. ಫಂಗಸ್ ಔಷಧಿ ನಿಲ್ಲಿಸುವ ಆರ್ಡರ್ ತಮ್ಮದು, ಅವಸರ ಮಾಡಿದೆ, ವಿಚಾರಿಸಬೇಕಿತ್ತು ಅಂದರು. ಅಷ್ಟೇ. ಆಮೇಲೆ ನಾನು. ರಕ್ತ ಟೆಸ್ಟಿಗೆ ಹೋಗಿದ್ದನ್ನು ನೋಡದೆ ನಿಲ್ಲಿಸಬಹುದು ಅಂತ ಬರೆದವಳು ನಾನು ಅಂದೆ. ಮನೆಯಲ್ಲಿ ಎಷ್ಟೋ ಸಲ ಹೇಳಿಕೊಂಡು ನೋಡಿದ್ದೆ. ಅದರಲ್ಲಿ ಒಂದು ಪದವೂ ನೆನಪಿಗೆ ಬರಲಿಲ್ಲ.

ಟೈಲರಮ್ಮ ಬಲಗಣ್ಣಿನಿಂದ ನನ್ನನ್ನು ನೋಡಿದರು. ಆಮೇಲೆ ಅದನ್ನು ಕೈಯಿಂದ ಮುಚ್ಚಿಕೊಂಡು ಎಡಗಣ್ಣಿನಿಂದ ನೋಡಿದರು. ಎಷ್ಟು ಹೊತ್ತೋ.

"ನಿಲ್ಲಿಸ್ದೇ ಇದ್ದಿದ್ರೆ ಈ ಕಣ್ಣು ಚೆನ್ನಾಗಿರ್ತಿತ್ತಾ?"

"ಗೊತ್ತಿಲ್ಲಮ್ಮ. ಇರ್ತಿತ್ತೇನೋ. ಇಲ್ದೇನೂ ಇರಬಹುದು. ಆದ್ರೆ ಆ ಎರಡು ದಿನ ನಮ್ಮಿಂದ ಹೋಯ್ತು."

ಬೈಯಲಿಲ್ಲ. ಅಳಲೂ ಇಲ್ಲ. ಹೊದಿಕೆಯ ಅಂಚಿನ ಹೊಲಿಗೆಯನ್ನು ಬೆರಳಿನಿಂದ ಸವರುತ್ತಾ ಕೂತರು, ಈ ತುದಿಯಿಂದ ಆ ತುದಿಗೆ. ದೊಡ್ಡ ಡಾಕ್ಟರಿಗೆ ಥಿಯೇಟರಿನಿಂದ ಫೋನ್ ಬಂತು. ಎದ್ದು, ಸ್ಟೂಲನ್ನು ಮೊದಲಿದ್ದಲ್ಲಿಗೆ ಸರಿಸಿ ಹೊರಟರು. ನಾನೂ ಏಳಲೇ ಅಂತ ನೋಡುವಷ್ಟರಲ್ಲಿ ಟೈಲರಮ್ಮ ನನ್ನ ಮಣಿಕಟ್ಟು ಹಿಡಿದರು.

"ನೀವು ಹೋಗ್ಬೇಡಿ. ನಾಲ್ಕು ಗಂಟೆಗೆ ನನ್ ಮಗಳು ಬರ್ತಾಳೆ. ಅವಳ ಮುಂದೆ ಇದನ್ನೇ ಇನ್ನೊಂದ್ಸಲ ಹೇಳಿ. ಹೊಟ್ಟೆನೋವು ಮೂರು ದಿನ ಮುಚ್ಚಿಟ್ಟಿದ್ದಕ್ಕೇ ಎಲ್ಲಾ ಆಗಿದ್ದು ಅಂತ ದಿನಾ ನನ್ನೇ ಅಂತಾಳೆ. ಹೌದೇನೋ ಅಂತ ನಾನೂ ಸುಮ್ನಿದೀನಿ. ಕಣ್ಣಿಂದಾದ್ರೂ ನನ್ ತಪ್ಪಲ್ಲ ಅಂತ ಅವಳಿಗೆ ಗೊತ್ತಾಗ್ಲಿ."

ಹೇಳುತ್ತೇನೆ ಅಂದೆ. ಅವರಿಗೆ ಕಣ್ಣಿನ ತೊಟ್ಟು ಹಾಕುವ ಹೊತ್ತಾಯಿತು, ಹೊರಗೆ ಬಂದು ಕೂತೆ.

ಆ ಹುಡುಗಿಯ ಮುಖ ಕಣ್ಣಮುಂದಿದೆ. ಅವತ್ತು ಐಸಿಯು ಬಾಗಿಲಲ್ಲಿ ನಾನು ನಕ್ಕಿದ್ದಕ್ಕೆ ನಕ್ಕವಳು. ಅವಳು ಅಮ್ಮನಂತಲ್ಲ. ಕೂಗಾಡಬಹುದು. ಬರೆದುಕೊಡಿ ಅನ್ನಬಹುದು. ಬರೆದುಕೊಡುತ್ತೇನೆ. ಸೂಪರಿಂಟೆಂಡೆಂಟರಿಗೆ ಏನು ಹೇಳುವುದು... ಅದು ಸೋಮವಾರದ ಮಾತು. ಎಲ್ಲಿಂದ ಶುರು ಮಾಡಲಿ? ಚೀಟಿಯಿಂದಲೇ ಶುರು ಮಾಡಬೇಕು. 'ನಿಮ್ಮ ಅಮ್ಮನ ತಪ್ಪೇನೂ ಇಲ್ಲ' ಅಂತ ಮೊದಲು. ಹೌದು, ಅದೇ ಮೊದಲು, ಆಮೇಲೆ ಚೀ

ಮೆಟ್ಟಿಲಲ್ಲಿ ಬೂಟಿನ ಸದ್ದು. ನೀಲಿ ಸಮವಸ್ತ್ರ. ಹತ್ತು ನಿಮಿಷ ಮುಂಚೆಯೇ ಬಂದಿದ್ದಾಳೆ. ನನ್ನನ್ನು ನೋಡಿದಳು, ಗುರುತು ಸಿಕ್ಕಿತು, ಈ ಕಡೆಗೇ